ಮುಳ್ಳು ಮರೆಯದ ಬೆಳಕು

"ಅಲ್ಲೇ ನಿಲ್ಲಿ!"

ಕತ್ತಲೊಳಗಿನಿಂದ ಬಂದ ಆ ಗಂಡುದನಿಗೆ ಅವಳ ಕಾಲು ತಾನಾಗಿಯೇ ನಿಂತಿತು.

"ಯಾರದು?"

"ಇನ್ನೊಂದು ಹೆಜ್ಜೆ ಇಟ್ಟಿದ್ರೆ ನಿಮ್ಮ ಕ್ಯಾಮೆರಾ ಸ್ಟ್ಯಾಂಡು ನೇರ ಹೋಗಿ ಪಟಕ್ಕೆ ತಾಗ್ತಿತ್ತು."

"ಯಾವ ಪಟ? ನನ್ನ ಕೈ ನನಗೇ ಕಾಣಿಸ್ತಿಲ್ಲ ಇಲ್ಲಿ! ಮೊದಲು ದೀಪ ಹಾಕಿ."

"ಹಾಕಿದೆ."

"ಎಲ್ಲಿ?"

"ನಿಮ್ಮ ತಲೆ ಮೇಲೆ. ಬಿಸಿಲಿಂದ ಬಂದಿದ್ದೀರಲ್ಲ, ಅದಕ್ಕೇ ಕಾಣ್ತಿಲ್ಲ. ಎಡಗಡೆ ಬೆಂಚಿದೆ. ಕೂತ್ಕೊಳ್ಳಿ."

ಕೂತುಕೊಳ್ಳುವುದೇ? ಅವಳು ಛಾಯಾಗ್ರಾಹಕಿ, ಕೆಲಸಕ್ಕೆ ಬಂದವಳು. ತಡಕಾಡಿ ಚೀಲದಿಂದ ಬೆಳಕಿನ ಮೀಟರನ್ನು ಹೊರತೆಗೆದಳು. ಅದು ಅವಳ ಸೋದರತ್ತೆಯದು. ಓಣಿಯೊಂದರ ಪುಟ್ಟ ಸ್ಟುಡಿಯೋದಲ್ಲಿ ಅತ್ತೆ ಜೀವಮಾನವಿಡೀ ಅದೇ ಮೀಟರಿನಿಂದ ಜನರ ಮುಖದ ಮೇಲೆ ಬಿದ್ದ ಬೆಳಕನ್ನು ಅಳೆದಿದ್ದರು. ಬೆಳಕು ಬಿದ್ದರೆ ಮುಳ್ಳು ಏಳುತ್ತದೆ. ಎಷ್ಟು ಎದ್ದಿತು ಎಂದು ನೋಡಿ ಕ್ಯಾಮೆರಾದ ಕಣ್ಣನ್ನು ಎಷ್ಟು ಹೊತ್ತು ತೆರೆಯಬೇಕೆಂದು ತೀರ್ಮಾನಿಸಬೇಕು.

ಟಾರ್ಚಿನ ಬೆಳಕನ್ನು ಅಂಗೈಯಲ್ಲಿ ಮರೆಮಾಡಿಕೊಂಡು ನೋಡಿದಳು. ಮುಳ್ಳು ಏಳಲಿಲ್ಲ. ತಟ್ಟಿದಳು. ಅಲುಗಾಡಿಸಿದಳು. ಊಹೂಂ...

"ನಿಮ್ಮ ಮೀಟರು ನಿದ್ದೆ ಮಾಡ್ತಿದೆ," ಎಂದಿತು ಕತ್ತಲು.

"ನಿಮ್ಮ ದೀಪಕ್ಕೆ ಎಚ್ಚರ ಇದ್ರೆ ತಾನೇ ಇದು ಏಳೋದು! ಸ್ವಲ್ಪ ಜಾಸ್ತಿ ಮಾಡಿ ನೋಡೋಣ."

"ಆಗಲ್ಲ."

"ಒಂದೇ ಒಂದು ನಿಮಿಷ?"

"ಒಂದು ಕ್ಷಣವೂ ಆಗಲ್ಲ." ದನಿಯಲ್ಲಿ ಕೋಪವಿರಲಿಲ್ಲ, ಆದರೆ ಅಲುಗದ ಒಂದು ಗಟ್ಟಿತನವಿತ್ತು. "ಬೆಳಕು ಬಿದ್ದಷ್ಟೂ ಇದರ ಬಣ್ಣ ಸಾಯುತ್ತೆ. ನಾವು ನೋಡೋ ಒಂದೊಂದು ನೋಟಕ್ಕೂ ಈ ಪಟ ತನ್ನಿಂದ ಒಂದಿಷ್ಟನ್ನ ಕಿತ್ತು ಕೊಡುತ್ತೆ. ಕೊಟ್ಟಿದ್ದು ವಾಪಸ್ ಬರಲ್ಲ."

ಈತನೇ ಇರಬೇಕು, ವಸ್ತುಸಂಗ್ರಹಾಲಯದ ಸಂರಕ್ಷಕ. ಬಾಗಿಲ ಕಾವಲಿನ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳಿದ್ದಳಲ್ಲ, 'ಒಳಗೆ ಕತ್ತಲರಾಯರಿದ್ದಾರೆ, ಹುಷಾರು' ಎಂದು!

ಬೇರೆ ದಾರಿಯಿಲ್ಲದೆ ಅವಳು ಬೆಂಚಿನ ಮೇಲೆ ಕುಳಿತಳು. ಸಿಟ್ಟು ಮೂಗಿನ ತುದಿಯಲ್ಲಿಯೇ ಇತ್ತು.

ಮೊದಲು ಎದುರಿನ ಗೋಡೆ ಒಂದು ಬೂದು ಮಸುಕಾಗಿ ಮೂಡಿತು. ಆ ಮಸುಕು ಸೀಳಿ ಒಂದು ನದಿಯ ದಡವಾಯಿತು. ದಡದ ಮೇಲೆ ಒಂದು ಬೆನ್ನು... ಒಂದು ಹೆಗಲು... ಮಗುವನ್ನು ಸೊಂಟಕ್ಕೇರಿಸಿಕೊಂಡ ಹೆಂಗಸು, ಗಂಟಿನ ಮೇಲೆ ಕೂತ ಮುದುಕ, ತಂಗಿಯ ಜಡೆ ಹಿಡಿದು ನಿಂತ ಅಣ್ಣ. ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ಹಬ್ಬಿದ ಬಟ್ಟೆಯ ಮೇಲೆ, ಬೆಳಗಿನ ಜಾವದಲ್ಲಿ ಯಾರಿಗೋ ಕಾಯುತ್ತ ನಿಂತ ಮನುಷ್ಯರು! ಯಾರು ಬರೆದರೋ ಗೊತ್ತಿಲ್ಲ. ಎಷ್ಟು ತಲೆಮಾರುಗಳ ಹಿಂದೆಯೋ ಗೊತ್ತಿಲ್ಲ. ಒಂದು ಮುಖದಂತೆ ಇನ್ನೊಂದಿಲ್ಲ.

ಅವಳು ಉಸಿರು ಬಿಗಿಹಿಡಿದಳು.

ಎಲ್ಲರೂ ಒಂದೇ ಕಡೆಗೆ ನೋಡುತ್ತಿದ್ದಾರೆ. ಅಲ್ಲೇನಿದೆ? ಬರೀ ಮಂಜು. ತೆಳು ಹಳದಿಯ ಮಂಜು, ನೀರಾವುದು ಬಾನಾವುದು ತಿಳಿಯದಂತೆ... ಇಲ್ಲ. ಮಂಜಿನೊಳಗೆ ಏನೋ ಇದೆ. ಒಂದು ಗೆರೆ. ಗೆರೆಯ ಮೇಲೊಂದು ಬಾಗು...

"ದೋಣಿ!"

ಅವಳ ಗಂಟಲಿನಿಂದ ಬಂದದ್ದು ಮಾತೋ ನಿಟ್ಟುಸಿರೋ ಅವಳಿಗೇ ತಿಳಿಯಲಿಲ್ಲ. ಕಣ್ಣಲ್ಲಿ ನೀರಿತ್ತು.

"ಕಂಡಿತಾ?" ಕತ್ತಲಿನ ದನಿ ಮೊದಲ ಬಾರಿಗೆ ಮೃದುವಾಯಿತು. "ತುಂಬ ಜನ ದೋಣಿ ಬರೋ ಮುಂಚೆ ಎದ್ದು ಹೋಗಿಬಿಡ್ತಾರೆ."

ಅವಳು ತಿರುಗಿದಳು. ಪಟದ ನಂತರ ಅವನೂ ಕಂಡ: ಗೋಡೆಗೆ ಒರಗದೆ ನಿಂತ ಎತ್ತರದ ಆಳು, ಮಡಿಸಿದ ತೋಳಿನ ಅಂಗಿ, ಅವಳನ್ನಲ್ಲ, ಅವಳು ನೋಡುತ್ತಿರುವುದನ್ನು ನೋಡುತ್ತಿರುವ ಕಣ್ಣುಗಳು. ಅವಳ ಎದೆಯಲ್ಲಿ ಏನೋ ಒಂದು ಗೆರೆ ಮೇಲೇರಿತು.

'ಛೇ! ಈ ಒರಟನನ್ನು ನೋಡಿ ನನಗೇನಾಯಿತು?'

ಅವಳನ್ನು ಅಲ್ಲಿಗೆ ಕರೆಸಿದ ಕಾರಣ ಕೇಳಿದರೆ ಯಾರಿಗಾದರೂ ರಕ್ತ ಕುದಿಯಬೇಕು. ಸಂಗ್ರಹಾಲಯದ ಆಡಳಿತಾಧಿಕಾರಿಗೆ ಈ ಪಟವನ್ನು ಗಾಜಿನ ಛಾವಣಿಯ ಮುಂಭಾಗದ ಹಜಾರದಲ್ಲಿ ತೂಗುಹಾಕುವ ಆಸೆ. ಬಿಸಿಲು ಸುರಿಯುವ ಜಾಗ! ಬಂದವರೆಲ್ಲ ಅದರ ಮುಂದೆ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು ಹೋಗಬೇಕು, ಅಷ್ಟೇ. ಕೆಲವೇ ವರ್ಷಗಳಲ್ಲಿ ಆ ಮಂಜು, ಆ ದೋಣಿ ಬರೀ ಬಟ್ಟೆಯಾಗಿ ಉಳಿಯುತ್ತವೆ ಎಂಬ ಪರಿವೆ ಆತನಿಗಿಲ್ಲ. ನೋಡುವುದನ್ನು ಹಕ್ಕೆಂದು ತಿಳಿದವರು ಹೀಗೆಯೇ. ಅದೊಂದು ಹೊಣೆಯೂ ಹೌದೆಂದು ಅವರಿಗೆ ಹೇಳಿಕೊಟ್ಟವರು ಯಾರು?

ಸಂರಕ್ಷಕ ಅಡ್ಡ ನಿಂತಿದ್ದ. ಕೊನೆಗೆ ಸಂಸ್ಥೆಯ ಅಧ್ಯಕ್ಷೆ ನಡುವಿನ ದಾರಿ ಹೇಳಿದ್ದರು: ಪಟದ ಅಳತೆಯ, ಪಟದಷ್ಟೇ ಜೀವಂತವಾದ ಛಾಯಾಚಿತ್ರ ಸಿಕ್ಕರೆ ಹಜಾರದಲ್ಲಿ ಅದು ಇರಲಿ, ಪಟ ಕತ್ತಲಲ್ಲಿ ವಿಶ್ರಮಿಸಲಿ. ಸಿಗದಿದ್ದರೆ ಪಟವೇ ಹಜಾರಕ್ಕೆ.

ಅಂದರೆ ದೋಣಿಯ ಉಳಿವು ಅವಳ ಕೈಯಲ್ಲಿತ್ತು!

* * *

"ನಿದ್ದೆ ಮಾಡ್ತಿದೆ ಅಂದನಾ? ನನ್ನ ಮೀಟರನ್ನ?" ಸೋದರತ್ತೆ ಬಟಾಣಿ ಬಿಡಿಸುತ್ತಲೇ ಸಿಡಿದರು. "ಯಾರವನು?"

"ಹಾಗಲ್ಲ ಅತ್ತೆ. ಅವರು ಹೇಳಿದ್ದು ಸರಿ. ನಿಮ್ಮದು ಬೆಳಕಿನ ಬಲದಿಂದಲೇ ನಡೆಯೋದು. ಅಷ್ಟು ಮಂದ ಬೆಳಕಿಗೆ ಅದಕ್ಕೆ ಶಕ್ತಿ ಸಾಲಲ್ಲ."

"ಓಹೋ... 'ಅವನು' ಅಷ್ಟರಲ್ಲೇ 'ಅವರು' ಆದ್ರಾ?"

"ಅತ್ತೇ!"

"ಹೋಗೇ ಸಿಡಿಗುಂಡು, ಹೊಸ ಮೀಟರ್ ತಗೋ. ಆದರೆ ಅಂಗಡಿಯವನು ಹೇಳೋದನ್ನ ಪೂರ್ತಿ ಕೇಳಿಸ್ಕೋ. ನಿನಗೆ ಅರ್ಧ ಕೇಳೋಷ್ಟರಲ್ಲಿ ಎಲ್ಲಾ ಗೊತ್ತಾಗಿಬಿಡುತ್ತೆ."

ಅತ್ತೆಗೆ ಅವಳು ಹೊಸಬಳೇ? ಅಪ್ಪ ಅಮ್ಮ ಇಲ್ಲದ ಆ ಹುಡುಗಿಯನ್ನು ಸ್ಟುಡಿಯೋದ ಪರದೆಯ ಹಿಂದೆ ಮಲಗಿಸಿ ಬೆಳೆಸಿದವರು. ಅನ್ಯಾಯ ಕಂಡರೆ ಸಿಡಿಯುವ ಅವಳ ಗುಣವನ್ನು ಕಂಡು ಹೆಮ್ಮೆಪಟ್ಟವರೂ ಅವರೇ, ಭಯಪಟ್ಟವರೂ ಅವರೇ.

ಅಂಗಡಿಯಾತ ಗಾಜಿನ ಮೇಜಿನ ಮೇಲೆ ಮೂರು ಮೀಟರುಗಳನ್ನಿಟ್ಟ.

ಒಂದು, ಅತ್ತೆಯದರ ತಂಗಿಯಂಥದ್ದು. ಮಂದ ಬೆಳಕಿಗೆ ಆಗದು. ಮತ್ತೊಂದು ಬೂದು ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ. ಮುಳ್ಳಿಲ್ಲ, ಕಿಟಕಿಯಲ್ಲಿ ಬರೀ ಅಂಕಿಗಳು ಮೂಡುತ್ತವೆ. ಆದರೆ ನಡುವಿನದು! ಕಪ್ಪು ಮಿರುಗು, ಬೆಳ್ಳಿಯಂಥ ಅಂಚು, ಕೈಗಡಿಯಾರದಂಥ ಸಪೂರ ಮುಳ್ಳು, ಬೆಳಕು ಹಿಡಿಯಲು ಮೊಟ್ಟೆಯ ಅರ್ಧದಂಥ ಬಿಳಿ ಬುರುಡೆ. ಅಂಗೈಗೆ ಬಂದು ಕುಳಿತ ರೀತಿಗೇ ಅವಳು ಸೋತುಹೋದಳು.

"ಇದು ಕತ್ತಲಲ್ಲಿ ಓದುತ್ತಾ?"

"ಓದುತ್ತೆ ಮೇಡಂ, ಚೆನ್ನಾಗೇ ಓದುತ್ತೆ. ಆದರೆ ಇದಕ್ಕೊಂದು ಸ್ವಭಾವ ಇದೆ, ಏನಂದ್ರೆ..."

"ಸ್ವಭಾವ ಇಲ್ಲದ್ದು ಯಾವುದಿದೆ? ಕಟ್ಟಿಕೊಡಿ."

"ಈ ಬೂದು ಬಣ್ಣದ್ದು ಒಂದ್ಸಲ ನೋಡಿ..."

"ಸೋಪಿನ ಡಬ್ಬಿ ಇದ್ದ ಹಾಗಿದೆ! ಬೇಡ."

ಮನೆಯಲ್ಲಿ ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ತುಟಿ ಕೊಂಕಿಸಿದರು. "ಮೂಗು ನೋಡಿ ವರನನ್ನ ಒಪ್ಪಿದ ಹಾಗಾಯ್ತು."

* * *

ಮರುಭೇಟಿಯ ದಿನ ಆಡಳಿತಾಧಿಕಾರಿ ಅವಳನ್ನು ಬಾಗಿಲಲ್ಲೇ ಹಿಡಿದುಕೊಂಡ.

"ಬನ್ನಿ ಬನ್ನಿ! ಹೊಸ ಮೀಟರಂತೆ? ಮೊದಲು ನಮ್ಮ ಹಜಾರ ಅಳೆದು ಹೇಳಿ, ಹೇಗಿದೆ ಬೆಳಕು?"

ಗಾಜಿನ ಛಾವಣಿಯಿಂದ ಮಧ್ಯಾಹ್ನದ ಬಿಸಿಲು ಧಾರೆಯಾಗಿ ಇಳಿಯುತ್ತಿತ್ತು. ಅವಳು ಅದರ ನಡುವೆ ನಿಂತು ಮೀಟರನ್ನು ಎತ್ತಿ ಹಿಡಿದಳು. ಮುಳ್ಳು ಹಾರಿ ತುದಿ ಮುಟ್ಟಿತು. ಆತ ಆ ಮೂಲೆ, ಈ ಮೂಲೆ ಎಂದು ಬಹಳ ಹೊತ್ತು ಅಳೆಸಿ, ಅಲ್ಲಿಂದ ಅವಳನ್ನು ನೇರವಾಗಿ ಪಟದ ಕೋಣೆಗೆ ಕರೆತಂದ.

ಸಂರಕ್ಷಕ ಎದ್ದುನಿಂತ. ಮಸುಕಿನಲ್ಲಿಯೂ ಅವನ ಮುಖದಲ್ಲೊಂದು ಸಂತೋಷ ಮೂಡಿದ್ದು ಅವಳಿಗೆ ತಿಳಿಯಿತು. "ಬಂದ್ರಾ? ಕೂತ್ಕೊಳ್ಳಿ."

"ಮೊದಲು ಅಳೀತೀನಿ." ಹೊಸ ಮೀಟರನ್ನು ಅವನಿಗೆ ತೋರಿಸುವ ಆತುರ ಅವಳಿಗೆ!

"ನಿಮ್ಮ ಮೀಟರಲ್ಲಿ ಇದು ನಾಲ್ಕನೇ ಗೆರೆ ತೋರಿಸಬೇಕು. ಅದಕ್ಕಿಂತ ಒಂದು ಹನಿ ಹೆಚ್ಚು ಬೆಳಕನ್ನೂ ನಾನು ಬಿಟ್ಟಿಲ್ಲ."

ಅವಳು ಪಟದ ಮುಂದೆ ಬುರುಡೆ ಹಿಡಿದು ಗುಂಡಿ ಒತ್ತಿದಳು. ಮುಳ್ಳು ಎದ್ದಿತು. ನಾಲ್ಕನ್ನು ದಾಟಿತು. ಐದರ ಮೇಲೆ ನಿಂತಿತು.

ಒಂದು ಗೆರೆ ಮೇಲೇರಿತೆಂದರೆ ಬೆಳಕು ಇಮ್ಮಡಿ!

ಮತ್ತೆ ಒತ್ತಿದಳು. ಐದು.

"ಇದು... ಐದು ತೋರಿಸ್ತಿದೆ."

"ಸಾಧ್ಯ ಇಲ್ಲ," ಎಂದ ಅವನು. "ಸ್ವಲ್ಪ ಹೊತ್ತು ಕೂತು, ಆಮೇಲೆ ಅಳೆಯಿರಿ."

ಕೂತು ಆಮೇಲೆ? ಯಾಕೆ? ಅಷ್ಟರಲ್ಲಿ ದೀಪ ತಗ್ಗಿಸುವುದಕ್ಕೆ? ಅವಳ ತಲೆಗೆ ಬಿಸಿ ಏರಿತು. 'ಒಂದು ಕ್ಷಣವೂ ಆಗಲ್ಲ' ಎಂದು ತನಗೆ ಪಾಠ ಹೇಳಿದವನು! ಆ ಮಾತು ಕೇಳಿ ತಾನು ರಾತ್ರಿಯೆಲ್ಲ ಕರಗಿ ಹೋಗಿದ್ದೆನಲ್ಲ...

"ಹನಿ ಲೆಕ್ಕ ಹೇಳಿದಿರಿ. ಇಲ್ಲಿ ನೋಡಿದ್ರೆ ಎರಡರಷ್ಟು ಸುರೀತಿದ್ದೀರಿ! ನಿಮ್ಮನ್ನ ಕತ್ತಲರಾಯ ಅಂತ ಸುಮ್ಮನೆ ಕರೆಯಲ್ಲ. ಸುಳ್ಳು ಹೇಳೋರಿಗೆ ಕತ್ತಲೇ ಬೇಕಲ್ವಾ?"

ಅವನು ಕೆನ್ನೆಗೆ ಹೊಡೆಸಿಕೊಂಡವನಂತೆ ನಿಂತಿದ್ದ.

ಆಡಳಿತಾಧಿಕಾರಿಯ ದನಿಯಲ್ಲಿ ಸಕ್ಕರೆ ಸುರಿಯಿತು. "ನೋಡಿದ್ರಾ! ಇವರೇ ಇಷ್ಟು ಬೆಳಕು ಹಾಕ್ತಾರಂದ್ರೆ ಹಜಾರದಲ್ಲಿಟ್ರೆ ಏನು ನಷ್ಟ?"

"ನನ್ನ ಮೀಟರೂ ಇದೆ. ಇನ್ನೊಂದು ಸಲ ಅಳೆಯೋಣ," ಎಂದ ಸಂರಕ್ಷಕ.

"ನಿಮ್ಮ ಮೀಟರು ನಿಮ್ಮ ಮಾತು ಕೇಳುತ್ತೆ ಬಿಡಿ. ಕೋಣೆ ಬೀಗದಕೈ ಕೊಡಿ ಇತ್ತ. ನಾಡಿದ್ದು ಪಟ ಹಜಾರಕ್ಕೆ ಹೋಗುತ್ತೆ. ಮೇಡಂ, ಥ್ಯಾಂಕ್ಸ್. ಇನ್ನು ಫೋಟೋ ಬೇಕಾಗಲ್ಲ."

ಅವಳು ಬೆಚ್ಚಿದಳು. "ಅದು... ನಾನು ಹಾಗೆ ಹೇಳಲಿಲ್ಲ..."

"ಅವರ ಮೇಲೆ ತಪ್ಪು ಹೊರಿಸಬೇಡಿ," ಎಂದ ಸಂರಕ್ಷಕ ಬೀಗದಕೈಯನ್ನು ಕೊಡುತ್ತ. ದನಿ ಒಡೆದಿತ್ತು. "ಅವರು ಸುಳ್ಳು ಹೇಳಿಲ್ಲ. ಮೀಟರು ಹೇಳಿದ್ದನ್ನ ಹೇಳಿದ್ದಾರೆ." ಅವನು ಒಮ್ಮೆ ಪಟದ ಕಡೆ, ಆ ಮಂಜಿನ ಕಡೆ ನೋಡಿ ಹೊರಟುಹೋದ.

ಯಾರ ಮೇಲೆ ಬೆಂಕಿ ಕಾರಿದೆನೋ ಅವನೇ ತನ್ನ ಪರ ನಿಂತನೇ?

* * *

"ಅಲುಗಾಡಬೇಡಿ ಅತ್ತೆ."

"ನಾನೆಲ್ಲೇ ಅಲುಗಾಡಿದೆ? ಅಳು ಬಂದ್ರೆ ಅತ್ತುಬಿಡು. ನನ್ನ ಮುಖಕ್ಕೆ ಯಾಕೆ ಮೀಟರ್ ಹಿಡಿತೀಯಾ?"

ಮರುದಿನ ಬೆಳಗ್ಗೆ ಮನಸ್ಸು ತಹಬಂದಿಗೆ ಬಾರದೆ ಅವಳು ತಾರಸಿಯ ಮೇಲೆ ಬಟ್ಟೆ ಒಣಹಾಕಿ ಬಂದಿದ್ದಳು. ಮೀಟರು ಕೈಯಲ್ಲೇ ಇತ್ತು. ಬಿಸಿಲಲ್ಲಿ ಸುಮ್ಮನೆ ಗುಂಡಿ ಒತ್ತಿ ಒತ್ತಿ ನೋಡಿದ್ದಳು. ಕೆಳಗಿಳಿದು ಕಿಟಕಿ ಮುಚ್ಚಿದ ಸ್ಟುಡಿಯೋದಲ್ಲಿ, ಹಳೆಯ ಕುರ್ಚಿಯಲ್ಲಿ ಕೂತ ಅತ್ತೆಯ ಗಲ್ಲದ ಕೆಳಗೆ ಅದನ್ನು ಹಿಡಿದಿದ್ದಳು.

"ಆರು ಇತ್ತು... ಈಗ ಐದೂವರೆ. ನೀವು ತಲೆ ತಗ್ಗಿಸಿದ್ರಿ."

"ತಗ್ಗಿಸಿಲ್ಲ ಅಂದೆನಲ್ಲ! ನಿನ್ನ ಮುಳ್ಳೇ ಜಾರ್ತಿದೆ ನೋಡು."

ಅವಳು ನೋಡಿದಳು.

ಕಿಟಕಿ ಮುಚ್ಚಿದೆ. ದೀಪ ಅದೇ. ಅತ್ತೆ ಅದೇ ಕುರ್ಚಿಯಲ್ಲಿ, ಅದೇ ಸಿಡುಕಿನಲ್ಲಿ. ಯಾವುದೂ ಬದಲಾಗಿಲ್ಲ. ಆದರೂ ಮುಳ್ಳು, ಯಾರೋ ಉಸಿರಿನಿಂದ ಊದಿದಂತೆ, ಕಾಣದಷ್ಟು ನಿಧಾನವಾಗಿ ಇಳಿಯುತ್ತಿತ್ತು. ಐದು... ಐದಕ್ಕಿಂತ ಕೆಳಗೆ... ಕೊನೆಗೆ ಒಂದು ಕಡೆ ನಿಂತು ಅಲ್ಲಿಯೇ ಉಳಿಯಿತು.

ಅವಳ ಮೈಮೇಲಿನ ಕೂದಲು ನಿಮಿರಿತು.

"ಅತ್ತೆ... ಇದು ಬಿಸಿಲನ್ನ ನೆನಪಿಟ್ಟುಕೊಂಡಿದೆ!"

"ಏನಂದೆ?"

"ಬಿಸಿಲು ನೋಡಿ ಬಂದ ಮೇಲೂ ಅದರ ಗುಂಗು ಇದಕ್ಕೆ ಹೋಗಿಲ್ಲ. ಆ ಗುಂಗಲ್ಲೇ ಕತ್ತಲನ್ನ ಓದುತ್ತೆ, ಹೆಚ್ಚು ಹೇಳುತ್ತೆ. ಇದಕ್ಕೂ ಸ್ವಲ್ಪ ಹೊತ್ತು ಕೂರಬೇಕು ಅತ್ತೆ... ನಮ್ಮ ಕಣ್ಣಿನ ಹಾಗೆ!"

ಸಣ್ಣದೊಂದು ಯಂತ್ರ, ಕಂಡ ಬೆಳಕನ್ನು ಮರೆಯಲಾರದೆ ಒದ್ದಾಡುವುದೇ! ಅವಳು ಬೆರಗಿನಿಂದ ಅದನ್ನು ನೋಡುತ್ತಿದ್ದಂತೆಯೇ ಆ ಬೆರಗು ಬೆಂಕಿಯಾಗಿ ಎದೆಯನ್ನು ಸುಟ್ಟಿತು.

'ಸ್ವಲ್ಪ ಹೊತ್ತು ಕೂತು, ಆಮೇಲೆ ಅಳೆಯಿರಿ.'

ಅವನು ಕಣ್ಣಿಗೆ ಹೇಳಿದ್ದನ್ನೇ ಮೀಟರಿಗೂ ಹೇಳಿದ್ದ. ಅಂಗಡಿಯಾತನೂ ಅದನ್ನೇ ಹೇಳಹೊರಟಿದ್ದ. ಇಬ್ಬರ ಮಾತನ್ನೂ ಅವಳು ಅರ್ಧಕ್ಕೇ ಕತ್ತರಿಸಿದ್ದಳು! ಅನ್ಯಾಯವನ್ನು ಸಹಿಸದವರು ಅನ್ಯಾಯ ಮಾಡುವುದು ಹೀಗೆಯೇ, ಆತುರದಿಂದ. ನ್ಯಾಯದ ಹೆಸರಿನಲ್ಲಿ ಆಡಿದ ಮಾತೆಂಬ ಕಾರಣಕ್ಕೆ ಸುಳ್ಳು ನಿಜವಾಗುವುದಿಲ್ಲ. ಅದರ ಪೆಟ್ಟೂ ಕಡಿಮೆಯಾಗುವುದಿಲ್ಲ.

"ಅಳ್ತಾ ಕೂತಿರ್ತೀಯೋ, ಹೋಗಿ ಹೇಳ್ತೀಯೋ?" ಎಂದರು ಅತ್ತೆ. ಅವರ ಕಣ್ಣೂ ಒದ್ದೆಯಾಗಿತ್ತು.

* * *

ಹಜಾರದಲ್ಲಿ ಪಟ ತೂಗುಹಾಕಲು ಏಣಿ ನಿಲ್ಲಿಸಿ ಆಗಿತ್ತು. ಅಧ್ಯಕ್ಷೆ ಊರುಗೋಲು ಹಿಡಿದು ಕುರ್ಚಿಯಲ್ಲಿ ಕುಳಿತು ಮೊಳೆಯ ಜಾಗ ನೋಡುತ್ತಿದ್ದರು. ಪಕ್ಕದಲ್ಲಿ ಆಡಳಿತಾಧಿಕಾರಿ.

"ಅಮ್ಮಾ, ನಾನು ತಪ್ಪು ಹೇಳಿದೆ!"

ಏದುಸಿರು ಬಿಡುತ್ತ ಬಂದವಳನ್ನು ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿದರು. "ಯಾವುದರ ಬಗ್ಗೆ?"

"ಬೆಳಕಿನ ಬಗ್ಗೆ. ಒಬ್ಬ ಮನುಷ್ಯನ ಬಗ್ಗೆ."

ಅವಳು ಮೀಟರನ್ನು ಅಧ್ಯಕ್ಷೆಯ ಕೈಗೇ ಕೊಟ್ಟಳು. ಮೊದಲು ಬಿಸಿಲಲ್ಲಿ ಹಿಡಿಸಿದಳು. ಅಲ್ಲಿಂದ ಆಡಳಿತಾಧಿಕಾರಿಯೂ ಸೇರಿ ಮೂವರೂ ನೇರವಾಗಿ ಪಟದ ಕೋಣೆಗೆ ಹೋದರು. ಬೀಗ ತೆಗೆಯುವಾಗ ಆತನ ಮುಖ ಹುಳ್ಳಗಾಗಿತ್ತು.

"ಓದಿ ಅಮ್ಮ."

"ಐದು."

"ಈಗ ಇದನ್ನ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತ್ಕೊಳ್ಳಿ. ದೀಪದ ಹತ್ತಿರ ಯಾರೂ ಹೋಗೋದು ಬೇಡ."

"ಇದೇನು ಜಾದೂ ಪ್ರದರ್ಶನಾನಾ?" ಎಂದ ಆಡಳಿತಾಧಿಕಾರಿ.

"ನೀವೂ ಕೂತ್ಕೊಳ್ಳಪ್ಪ," ಎಂದರು ಅಧ್ಯಕ್ಷೆ. "ಒಂದಿಷ್ಟು ಹೊತ್ತು ಸುಮ್ಮನಿದ್ರೆ ಯಾರಿಗೂ ಕೆಟ್ಟದ್ದಾಗಲ್ಲ."

ಕೂತರು. ಸಾಕಷ್ಟು ಹೊತ್ತಾದ ಮೇಲೆ ಅಧ್ಯಕ್ಷೆ ಬಟ್ಟೆ ಬಿಚ್ಚಿ, ಪಟದ ಮುಂದೆ ಹಿಡಿದು ಗುಂಡಿ ಒತ್ತಿದರು.

ನಾಲ್ಕು. ಒಂದು ಕೂದಲೆಳೆಯಷ್ಟೂ ಮೇಲಿಲ್ಲ.

"ಅಮ್ಮಾ, ಅವರು ಹೇಳಿದಷ್ಟೇ ಬೆಳಕು. ಅವರು ಎಂದೂ ಸುಳ್ಳು ಹೇಳಿಲ್ಲ. ಕಾಯದೆ ಅಳೆದವಳು ನಾನು." ಅವಳು ಪಟದ ಕಡೆ ಕೈ ತೋರಿಸಿದಳು. "ನನ್ನ ಆತುರಕ್ಕೆ ಈ ಪಟಕ್ಕೆ ಶಿಕ್ಷೆ ಕೊಡಬೇಡಿ."

ಅಧ್ಯಕ್ಷೆ ಪಟವನ್ನೇ ನೋಡುತ್ತಿದ್ದರು. ಆಡಳಿತಾಧಿಕಾರಿಯ ಬಾಯಿ ಮಾತ್ರ ತಾನಾಗಿಯೇ ತೆರೆದುಕೊಂಡಿತು.

"ಅರೆ... ಅಲ್ಲೊಂದು ದೋಣಿ ಇದೆಯಾ?"

ಇಷ್ಟು ವರ್ಷ ಆ ಪಟದ ಒಡೆತನ ಮಾಡಿದವನು ಅಂದು ಮೊದಲ ಬಾರಿಗೆ ಅದನ್ನು ನೋಡಿದ್ದ!

"ಬೀಗದಕೈ ಅವನಿಗೆ ವಾಪಸ್ ಕೊಡಿ," ಎಂದರು ಅಧ್ಯಕ್ಷೆ. "ಇವಳು ಫೋಟೋ ತೆಗೀಲಿ. ಆದರೆ ಮಗಳೇ, ದೋಣಿ ಬರದ ಫೋಟೋ ನನಗೆ ಬೇಡ."

* * *

ನೆಲಮಾಳಿಗೆಯಲ್ಲಿ ಸಂರಕ್ಷಕ ಹಳೆಯ ಚೌಕಟ್ಟುಗಳನ್ನು ಒರೆಸುತ್ತಿದ್ದ. ಅವಳು ನಡೆದುದನ್ನೆಲ್ಲ ಹೇಳಿ ತಲೆ ತಗ್ಗಿಸಿ ನಿಂತಳು.

ಅವನು ಬಹಳ ಹೊತ್ತು ಬಟ್ಟೆಯನ್ನೇ ಮಡಿಸಿದ.

"ನನ್ನನ್ನ ಒಂದೇ ಒಂದು ಸಲ ಕೇಳಬಹುದಿತ್ತು."

"ಹೌದು..."

"ಮೀಟರಿಗೆ ಎರಡು ಸಲ ಅವಕಾಶ ಕೊಟ್ರಿ. ನನಗೆ ಒಂದೂ ಕೊಡಲಿಲ್ಲ."

ಅವಳ ಕಣ್ಣೀರು ಉದುರಿತು. ಒರೆಸಿಕೊಳ್ಳಲಿಲ್ಲ; ಒರೆಸಿಕೊಳ್ಳುವ ಹಕ್ಕೂ ತನಗಿಲ್ಲವೆನ್ನಿಸಿತು. "ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರ್ತಿಲ್ಲ. ನಾನು ಬೇರೆ ಮೀಟರ್ ತರ್ತೀನಿ. ಈ ಸಲ ನೀವೇ ಆರಿಸಿಕೊಡಿ."

"ನಾನ್ಯಾಕೆ?"

"ಯಾಕಂದ್ರೆ... ನನಗೆ ಚೆಂದ ಕಾಣೋದು, ನಿಜ ಹೇಳೋದು ಬೇರೆ ಬೇರೆ ಅಂತ ಇನ್ನೂ ಕಲೀತಿದ್ದೀನಿ."

ಅವನ ತುಟಿಯ ಅಂಚು ಒಂದಿಷ್ಟು ಸಡಿಲವಾಯಿತು. ಅಷ್ಟೇ. ಆದರೂ ಅವನು ಬಂದ.

ಅಂಗಡಿಯಾತ ಈ ಸಲ ಹೇಳಿದ್ದನ್ನೆಲ್ಲ ಅವಳು ಕೈಕಟ್ಟಿ ಕೇಳಿದಳು. ಬೂದು ಪೆಟ್ಟಿಗೆ ಬಿಸಿಲಿನಿಂದ ಬಂದರೂ ಆ ಕ್ಷಣದ ಬೆಳಕನ್ನೇ ಹೇಳುತ್ತದೆ, ಹಿಂದಿನದನ್ನು ಹಿಡಿದುಕೊಂಡಿರುವುದಿಲ್ಲ. ಸಂರಕ್ಷಕ ಅದನ್ನು ಕಿಟಕಿಗೆ ಹಿಡಿದ. ತಕ್ಷಣ ಮೇಜಿನ ಕೆಳಗೆ ಹಿಡಿದ. ಮತ್ತೆ ಮತ್ತೆ ಹಿಡಿದ. ಅಂಕಿಗಳು ಒಂದು ಸಲವೂ ತಪ್ಪಲಿಲ್ಲ.

"ಇದೇ ಇರಲಿ," ಎಂದ.

"ನೋಡೋಕೆ ಸೋಪಿನ ಡಬ್ಬಿ..."

"ನನ್ನ ಹಾಗೆ. ನೋಡೋಕೆ ಏನೂ ಇಲ್ಲ."

"ಹಾಗೆ ನಾನು ಹೇಳಲಿಲ್ಲ!" ಅವಳು ಥಟ್ಟನೆ ಅಂದಳು. ಅಂದ ಮೇಲೆ ಕಿವಿಯವರೆಗೂ ಕೆಂಪಾದಳು. ಅಂಗಡಿಯಾತ ಕೆಮ್ಮಿ, ರಸೀದಿ ಬರೆಯಲು ಒಳಗೆ ಹೋದ.

* * *

ಚಿತ್ರ ತೆಗೆಯುವ ದಿನ ಇಬ್ಬರೂ ಮೊದಲು ಬೆಂಚಿನ ಮೇಲೆ ಕುಳಿತರು. ದೋಣಿ ಬರುವವರೆಗೆ. ಬೂದು ಮೀಟರು ಹೇಳಿತು: ನಾಲ್ಕು.

ಅಷ್ಟು ಮಂದ ಬೆಳಕಿನಲ್ಲಿ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕು. ಅದು ಹಲಗೆಯ ನೆಲ; ಯಾರಾದರೂ ಹೆಜ್ಜೆ ಇಟ್ಟರೂ ಸಾಕು, ದೋಣಿ ಕದಡಿಹೋಗುತ್ತದೆ. ಹೊರಗೆ ಕಾವಲಿನ ಅಕ್ಕ "ಶ್! ಒಳಗೆ ಕತ್ತಲರಾಯರ ಪರೀಕ್ಷೆ ನಡೀತಿದೆ!" ಎಂದು ಬಂದವರನ್ನೆಲ್ಲ ತಡೆದು ನಿಲ್ಲಿಸಿದ್ದಳು.

"ತೆರೀತೀನಿ," ಎಂದು ಪಿಸುಗುಟ್ಟಿ ಅವಳು ಗುಂಡಿ ಒತ್ತಿದಳು.

ಕಣ್ಣು ತೆರೆಯಿತು.

ಅವಳು ಕ್ಯಾಮೆರಾದ ಈ ಪಕ್ಕ, ಅವನು ಆ ಪಕ್ಕ. ಅಲುಗುವಂತಿಲ್ಲ. ಮಾತಾಡುವಂತಿಲ್ಲ. ದಡದ ಮೇಲಿನ ಮನುಷ್ಯರಂತೆ ಅವರೂ ಕಾಯುತ್ತ ನಿಂತರು. ಎಷ್ಟೋ ತಲೆಮಾರುಗಳ ಹಿಂದೆ ಯಾರೋ ಒಬ್ಬರು ಬಟ್ಟೆಯ ಮೇಲೆ ಇಳಿಸಿಟ್ಟ ಬೆಳಗು, ಹನಿ ಹನಿಯಾಗಿ ಕಪ್ಪು ಪೆಟ್ಟಿಗೆಯೊಳಗೆ ಇಳಿಯುತ್ತಿತ್ತು. ಎಂಥ ನಿಶ್ಶಬ್ದ ಅದು! ಲೋಕದ ಬಾಗಿಲನ್ನು ಯಾರೋ ಮೆಲ್ಲಗೆ ಮುಚ್ಚಿದಂತೆ...

ಅವಳು ಕಣ್ಣೆತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ.

'ನೋಟಕ್ಕೆ ಒಂದಿಷ್ಟು ಬಣ್ಣ ಹೋಗುವುದು ನಿಜವಾದರೆ,' ಎಂದುಕೊಂಡಳು ಅವಳು, 'ಈಗ ನನ್ನಲ್ಲಿ ಏನೂ ಉಳಿದಿರಲಾರದು.'

ಕ್ಲಿಕ್ ಎಂದು ಕಣ್ಣು ಮುಚ್ಚಿತು. ಆದರೂ ಇಬ್ಬರೂ ಅಲುಗಲಿಲ್ಲ.

* * *

ಛಾಯಾಚಿತ್ರ ಹಜಾರದ ಗೋಡೆಯೇರಿತು. ಬಿಸಿಲು ಅದರ ಮೇಲೆ ಎಷ್ಟು ಬೇಕಾದರೂ ಸುರಿಯಲಿ. ಮಾಸಿದರೆ ಇನ್ನೊಂದನ್ನು ಅಚ್ಚು ಮಾಡಬಹುದು. ಅದರ ಮುಂದೆ ಆಡಳಿತಾಧಿಕಾರಿ ತಾನೇ ಮುತುವರ್ಜಿಯಿಂದ ಒಂದು ಬೆಂಚು ಹಾಕಿಸಿದ್ದ. ಬಂದವರನ್ನೆಲ್ಲ "ಕೂತ್ಕೊಳ್ಳಿ, ಸ್ವಲ್ಪ ಹೊತ್ತು ಕೂತ್ಕೊಳ್ಳಿ" ಎಂದು ಪೀಡಿಸುತ್ತಿದ್ದ! ಅಧ್ಯಕ್ಷೆ ಕೂತರು. ಅತ್ತೆಯೂ ಪಕ್ಕದಲ್ಲಿ ಕೂತರು. ಮಂಜು ಬಿಚ್ಚಿ ದೋಣಿ ಮೂಡಿದಾಗ ಇಬ್ಬರು ಹಿರಿಯರೂ ಪರಸ್ಪರರ ಕೈ ಹಿಡಿದುಕೊಂಡರು.

ಒಳಗಿನ ಕೋಣೆಯಲ್ಲಿ ಪಟದ ಮೇಲೆ ಪರದೆ ಎಳೆಯುವ ಹೊತ್ತು ಬಂದಿತ್ತು. ಇನ್ನು ವರ್ಷಗಟ್ಟಲೆ ಅದಕ್ಕೆ ನಿದ್ದೆ.

"ಕೊನೇ ಸಲ ನೋಡ್ತೀರಾ?" ಎಂದ ಅವನು, ಪರದೆಯ ಹಗ್ಗ ಹಿಡಿದು.

"ಬೇಡ. ಅದರಲ್ಲಿ ಉಳಿದದ್ದು ಅದರಲ್ಲೇ ಇರಲಿ." ಅವಳು ತಡೆದು ನಿಂತಳು. "ನಿಮ್ಮ ಹತ್ತಿರ ಒಂದು ಮಾತು ಕೇಳಬೇಕು. ಆವತ್ತು ಕೇಳಲಿಲ್ಲವಲ್ಲ... ಅದಕ್ಕೇ ಈಗ ಕೇಳ್ತೀನಿ. ನನ್ನ ಮೇಲೆ ಇನ್ನೂ ಬೇಜಾರಿದೆಯಾ?"

"ಇತ್ತು."

"ಈಗ?"

"ಕೂತು ಕಾದೆ. ಮುಳ್ಳು ಇಳೀತು." ಅವನು ನಕ್ಕ. ಅವನು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲು! "ಮೊದಲ ದಿನ ನೀವು ದೋಣಿ ನೋಡಿ ಅತ್ರಲ್ಲ, ಆವತ್ತೇ ನಾನು ನಿಮ್ಮನ್ನ... ಹೇಳೋಕೆ ಧೈರ್ಯ ಬರಲಿಲ್ಲ. ಕತ್ತಲಲ್ಲಿ ಇರೋನನ್ನ ಯಾರು ನೋಡ್ತಾರೆ ಅಂದ್ಕೊಂಡಿದ್ದೆ."

"ನಾನು ನೋಡಿದೆ. ಪಟ ಆದ ಮೇಲೆ ನೀವೇ ಕಂಡಿದ್ದು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನಗೆ ನೀವು ಬೇಕು. ಅರ್ಧ ಕೇಳಿ ಹೇಳ್ತಿರೋ ಮಾತಲ್ಲ ಇದು..."

ಅವನು ಪರದೆ ಎಳೆದ. ದೀಪ ಆರಿಸಿದ. ಕತ್ತಲಲ್ಲಿ ಅವನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು. ಅವಳ ಇನ್ನೊಂದು ಕೈಯಲ್ಲಿ ಅವಳು ಮೊದಲು ಕೊಂಡ ಆ ಕಪ್ಪು ಮಿರುಗಿನ ಮೀಟರು ಇತ್ತು. ಅದನ್ನು ಅವಳು ಬಿಸಾಡಿರಲಿಲ್ಲ. ಅದರ ನುಣುಪಾದ ಬುರುಡೆ ಅವನ ಬೆರಳಿಗೆ ತಾಗಿತು.

"ಸುಳ್ಳು ಹೇಳೋ ಮೀಟರನ್ನ ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?"

"ಪಾಪ, ಅದರದೇನು ತಪ್ಪು? ಒಂದು ಸಲ ಬೆಳಕು ನೋಡಿದ್ರೆ ಅದಕ್ಕೆ ಮರೆಯೋಕಾಗಲ್ಲ."

"ನಿಮಗೆ?"

"ನನಗೂ," ಎಂದಳು ಅವಳು, ಅವನ ಹೆಗಲಿಗೆ ಹಣೆ ಆನಿಸಿ. "ಕೂತ್ಕೊಳ್ಳಿ ಕತ್ತಲರಾಯರೇ... ನಮಗೇನೂ ಆತುರ ಇಲ್ಲ."